ಮರಳುಗಲ್ಲಿಲ್ಲದ ಸೀಮೆಯಲ್ಲಿ ಮರಳಿನ ಮೂಲ

ಹಾಸನ ಜಿಲ್ಲೆಯ ಕಲ್ಲಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಎರಡೇ ಹೆಸರು. ಒಂದು, ಬೇಲೂರು-ಹಳೇಬೀಡುಗಳ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒಲಿದ ಬಳಪದ ಕಲ್ಲು. ಇನ್ನೊಂದು, ಶ್ರವಣಬೆಳಗೊಳದಲ್ಲಿ ಗೊಮ್ಮಟನಾಗಿ ನಿಂತ ಗ್ರಾನೈಟ್. ಇವೆರಡರ ನಡುವೆ ಯಾರೂ ಕೈಮುಗಿಯದ, ಯಾರೂ ಚಿತ್ರ ತೆಗೆಯದ ಮೂರನೆಯ ಕಲ್ಲೊಂದಿದೆ. ಹೊಳೆನರಸೀಪುರದ ಸುತ್ತಿನ ಕುರುಚಲು ದಿಬ್ಬಗಳ ನೆತ್ತಿಯಲ್ಲಿ, ಬಿಳಿ-ಬೂದು ಬಣ್ಣದಲ್ಲಿ, ಅಲ್ಲಲ್ಲಿ ಎಳೆ ಹಸಿರು ಛಾಯೆಯಲ್ಲಿ ಅದು ಕಾಣಿಸುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಬರೀ ಬೆಣಚುಕಲ್ಲು. ಭೂವಿಜ್ಞಾನಿಗಳಿಗೆ ಮಾತ್ರ ಅದು ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ ಮರಳು.

ಈ ಮಾತು ಕೇಳಿದ ಹೈಸ್ಕೂಲು ವಿದ್ಯಾರ್ಥಿ ತಕರಾರು ತೆಗೆಯಬಹುದು. ಕರ್ನಾಟಕದಲ್ಲಿ ಮರಳುಗಲ್ಲು ಇರುವುದು ಬಾದಾಮಿಯಲ್ಲಿ ಅಲ್ಲವೇ? ನಿಜ. ಬಾದಾಮಿಯ ಗುಹಾಲಯಗಳ ಕೆಂಪು ಕಲ್ಲನ್ನು ಉಜ್ಜಿದರೆ ಇಂದಿಗೂ ಅಂಗೈಗೆ ಮರಳು ಅಂಟುತ್ತದೆ. ಹಾಸನದ ಭೂನಕ್ಷೆಯಲ್ಲಿ ಅಂಥ ಕಲ್ಲು ಎಲ್ಲೂ ಇಲ್ಲ. ಇಲ್ಲಿದ್ದ ಮರಳುಗಲ್ಲು ನೆಲದಾಳಕ್ಕೆ ಇಳಿದು, ಬೆಂದು, ಒತ್ತಿಹೋಗಿ ಕ್ವಾರ್ಟ್ಝೈಟ್ ಎಂಬ ರೂಪಾಂತರ ಶಿಲೆಯಾಗಿದೆ. ಪರೀಕ್ಷೆ ಸುಲಭ. ಮರಳುಗಲ್ಲು ಒಡೆದರೆ ಬಿರುಕು ಕಣಗಳನ್ನು ಬಳಸಿಕೊಂಡು ಸಾಗುತ್ತದೆ. ಕ್ವಾರ್ಟ್ಝೈಟ್ ಒಡೆದರೆ ಕಣಗಳನ್ನೇ ಸೀಳಿಕೊಂಡು ಹೋಗುತ್ತದೆ. ಅದರ ಚೂರಿನಿಂದ ಹಳೆಯ ಗಾಜಿನ ಸೀಸೆಯ ಮೇಲೆ ಗೀರಬಹುದು.

ಹಾಗಾದರೆ ಆ ಮರಳು ಯಾವ ಬೆಟ್ಟದ್ದು? ಯಾವ ನೆಲ ಸವೆದು ಅದನ್ನು ಕೊಟ್ಟಿತು? ಕೇಳಲು ಇದು ಮಕ್ಕಳ ಪ್ರಶ್ನೆಯಂತಿದೆ. ಆದರೆ ಕರ್ನಾಟಕದ ಭೂವಿಜ್ಞಾನದಲ್ಲಿ ಬಹುಕಾಲ ನಡೆದ ಒಂದು ದೊಡ್ಡ ಜಗಳದ ತೀರ್ಪು ಈ ಉತ್ತರದ ಮೇಲೆ ನಿಂತಿತ್ತು.

ಉತ್ತರ ಹುಡುಕುವವರು ಹಾಸನದಿಂದ ಮೊದಲು ಗೊರೂರಿಗೆ ಹೋಗುವುದು ಒಳ್ಳೆಯದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೆಂದು ಓದುಗರಿಗೆ ಗೊತ್ತು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ಊರೆಂದು ರೈತರಿಗೆ ಗೊತ್ತು. ಭೂವಿಜ್ಞಾನಿಗಳ ಲೋಕದಲ್ಲಿ ಗೊರೂರಿನ ಹೆಸರು ಬೇರೆ ಕಾರಣಕ್ಕೆ ಓಡಾಡುತ್ತದೆ. ಇಲ್ಲಿಯ ಬಂಡೆ ಕಪ್ಪು-ಬಿಳಿ ಪಟ್ಟೆಗಳ ನೈಸ್ ಶಿಲೆ. ಹಾಸನ-ಗೊರೂರು ಸುತ್ತಿನ ಈ ಶಿಲೆಗೆ 336 ಕೋಟಿ ವರ್ಷ ವಯಸ್ಸೆಂದು ಬೆಕಿನ್ಸೇಲ್ ಮತ್ತು ಸಂಗಡಿಗರು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷ. ಬಟ್ಟೆ ಒಗೆಯಲು ನದೀದಂಡೆಯಲ್ಲಿ ಬಳಸುವ ಚಪ್ಪಡಿ ಕೂಡ ಭೂಮಿಯ ಮುಕ್ಕಾಲು ಪಾಲು ಆಯುಸ್ಸನ್ನು ಕಂಡದ್ದಿರಬಹುದು!

ನೈಸ್ ಬಂಡೆಯಲ್ಲಿ ಮುಖ್ಯವಾಗಿ ಇರುವುದು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುವ ಅಭ್ರಕ. ಮಳೆ-ಬಿಸಿಲಿಗೆ ಮೊದಲು ಸೋಲುವುದು ಫೆಲ್ಡ್‌ಸ್ಪಾರ್. ಅದು ಜೇಡಿಯಾಗಿ ಕೆರೆಯ ತಳ ಸೇರುತ್ತದೆ. ಕಾಗೆಬಂಗಾರ ತೆಳು ಹಾಳೆಯಾಗಿ ನೀರಿನಲ್ಲಿ ತೇಲಿಹೋಗುತ್ತದೆ. ಕೊನೆಗೆ ಉಳಿಯುವುದು ಬೆಣಚಿನ ಕಣ, ಅಂದರೆ ಮರಳು. ಅದರ ಜೊತೆಗೆ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ, ಜಿರ್ಕಾನ್ ಎಂಬ ಹರಳು. ಈ ಹರಳಿನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಸಾಕ್ಷಿ ಹೇಳುವುದು ಇದೇ.

ಹಳೆಯ ಮರಳಿನ ಗುಟ್ಟು ತಿಳಿಯಲು ಇಂದಿನ ಮರಳನ್ನು ಮೊದಲು ನೋಡಬೇಕು. ಅದಕ್ಕೆ ಅರಕಲಗೂಡು ತಾಲ್ಲೂಕು ತಕ್ಕ ಜಾಗ. ತಾಲ್ಲೂಕಿನ ದಕ್ಷಿಣಕ್ಕೆ ರಾಮನಾಥಪುರದಲ್ಲಿ ಕಾವೇರಿ, ಉತ್ತರದ ಕಡೆಗೆ ಹೇಮಾವತಿ. ಒಂದು ಕೊಡಗಿನ ಬೆಟ್ಟಗಳಿಂದ ಇಳಿದದ್ದು, ಇನ್ನೊಂದು ಮೂಡಿಗೆರೆ-ಸಕಲೇಶಪುರಗಳ ಮಲೆನಾಡಿನಿಂದ ಬಂದದ್ದು. ರಾಮನಾಥಪುರದ ವಹ್ನಿಪುಷ್ಕರಿಣಿಯ ಮೀನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳು ಚೀಲದಲ್ಲಿ ಒಂದು ಅಯಸ್ಕಾಂತ, ಒಂದು ಭೂತಗನ್ನಡಿ ಇಟ್ಟುಕೊಂಡರೆ ಸಾಕು, ಒಂದು ಪ್ರಯೋಗಶಾಲೆಯೇ ಸಿದ್ಧ. ದಂಡೆಯಿಂದ ಒಂದು ಹಿಡಿ ಮರಳು ತೆಗೆದು ಒಣಗಿಸಿ ಬಿಳಿ ಕಾಗದದ ಮೇಲೆ ಹರಡಬೇಕು. ಅಯಸ್ಕಾಂತವನ್ನು ಇನ್ನೊಂದು ಕಾಗದದಲ್ಲಿ ಸುತ್ತಿ ಮೇಲೆ ಆಡಿಸಿದರೆ ಕಪ್ಪು ಕಣಗಳು ಮೀಸೆಯಂತೆ ಎದ್ದು ನಿಲ್ಲುತ್ತವೆ. ಅದು ಮ್ಯಾಗ್ನೆಟೈಟ್. ಉಳಿದವುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನಂಥ ಬೆಣಚು, ಮಾಸಲು ಬಿಳಿಯ ಫೆಲ್ಡ್‌ಸ್ಪಾರ್, ಕಡುಹಸಿರು ಕಡ್ಡಿಗಳು, ಅದೃಷ್ಟವಿದ್ದರೆ ದಾಳಿಂಬೆ ಬೀಜದ ಬಣ್ಣದ ಗಾರ್ನೆಟ್ ಕಣ್ಣಿಗೆ ಬೀಳುತ್ತವೆ. ಕಣಗಳ ಮೂಲೆಗಳನ್ನೂ ಗಮನಿಸಬೇಕು. ಮನೆ ಕಟ್ಟುವ ಕಡೆ ಈಗ ಸುರಿದಿರುವ ಎಂ-ಸ್ಯಾಂಡಿನ ಒಂದು ಚಿಟಿಕೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಕ್ರಷರಿನ ಮರಳಿಗೆ ಎಲ್ಲ ಕಡೆ ಚೂಪು ಮೂಲೆ, ಹೊಳೆಯ ಮರಳಿಗೆ ಸವೆದ ಮೈ. ದೂರ ಉರುಳಿದಷ್ಟೂ ಕಣ ಗುಂಡಗಾಗುತ್ತದೆ, ಫೆಲ್ಡ್‌ಸ್ಪಾರ್ ಕಡಿಮೆಯಾಗುತ್ತದೆ, ಬೆಣಚಿನ ಪಾಲು ಏರುತ್ತದೆ.

ಶಿಲೆಯನ್ನು ಕಣಕಣವಾಗಿ ನೋಡಿ ಅದರ ಹುಟ್ಟನ್ನು ಹೇಳುವ ಈ ವಿದ್ಯೆಗೆ ಪೆಟ್ರಾಗ್ರಫಿ ಎಂದು ಹೆಸರು. ಪ್ರಯೋಗಶಾಲೆಯಲ್ಲಿ ಭೂತಗನ್ನಡಿಯ ಬದಲು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಇರುತ್ತದೆ. ಕಲ್ಲಿನ ತುಂಡನ್ನು ಗಾಜಿನ ಪಟ್ಟಿಗೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ತರುತ್ತಾರೆ. ತಲೆಗೂದಲಿನ ಅರ್ಧದಷ್ಟೂ ಇಲ್ಲದ ಆ ಹಾಳೆಯ ಮೂಲಕ ಬೆಳಕು ಹಾಯುತ್ತದೆ, ಕಲ್ಲು ಬಣ್ಣದ ಕಿಟಕಿಯಾಗುತ್ತದೆ.

ಅರಕಲಗೂಡಿನಿಂದ ಹೊಳೆನರಸೀಪುರದ ಕಡೆಗೆ ಹೊರಟರೆ ನೆಲ ಬದಲಾಗುತ್ತದೆ. ನೈಸ್ ಬಂಡೆಗಳ ನಡುವೆ ಕಪ್ಪು-ಹಸಿರು ಕಲ್ಲು, ಹೊಳೆಯುವ ಪದರು ಕಲ್ಲು, ಕಬ್ಬಿಣದ ಪಟ್ಟೆ ಕಲ್ಲು ಇವೆಲ್ಲ ಒಂದು ಗುಂಪಾಗಿ ತಲೆ ಎತ್ತುತ್ತವೆ. ಇದೇ ಹೊಳೆನರಸೀಪುರದ ಶಿಸ್ಟ್ ಪಟ್ಟಿ. ನಕ್ಷೆಯಲ್ಲಿ ನೋಡಿದರೆ ತ್ರಿಶೂಲದ ಆಕಾರ. ಭೂವಿಜ್ಞಾನದ ಕಾಲೇಜು ವಿದ್ಯಾರ್ಥಿಗಳು ಸುತ್ತಿಗೆ ಹಿಡಿದು ಇಲ್ಲಿಗೆ ಬರುವುದು ಹಳೆಯ ವಾಡಿಕೆ. ಇಲ್ಲಿಯ ಪದರು ಕಲ್ಲಿನಲ್ಲಿ ಗಾರ್ನೆಟ್, ನೀಲಿ ಅಲಗಿನಂಥ ಕಯನೈಟ್, ಕಂದು ಬಣ್ಣದ ಸ್ಟಾರೊಲೈಟ್ ಹರಳುಗಳು ಸಿಗುತ್ತವೆ. ಇವು ಹುಟ್ಟಬೇಕಾದರೆ ಕಲ್ಲು 550 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ, ನೆಲದಡಿ ಹದಿನೈದು-ಇಪ್ಪತ್ತು ಕಿಲೋಮೀಟರ್ ಆಳದಲ್ಲಿ ಬೇಯಬೇಕು. ಮೂಲದಲ್ಲಿ ಇವು ಕೆಸರು. ಕೆಸರಿನ ಪಕ್ಕದಲ್ಲಿ ಬಿದ್ದಿದ್ದ ಮರಳೇ ಇಂದಿನ ಕ್ವಾರ್ಟ್ಝೈಟ್ ದಿಬ್ಬ. ತಟ್ಟೆಕೆರೆ ಎಂಬ ಊರಿನ ಬಳಿ ಗುಂಡುಕಲ್ಲುಗಳೇ ಒಟ್ಟಿಗೆ ಬೆಸೆದು ಬಂಡೆಯಾದ ಪದರವೊಂದಿದೆ. ಅದರೊಳಗಿನ ಬೆಣಚಿನ ಜಾತಿಯ ಗುಂಡುಗಳನ್ನು ನೋಡಿದರೆ, ಒಮ್ಮೆ ಕಲ್ಲಾಗಿದ್ದದ್ದು ಒಡೆದು, ಉರುಳಿ, ಮತ್ತೆ ಕಲ್ಲಾಗಿದೆ ಎಂಬುದು ಅರ್ಥವಾಗುತ್ತದೆ.

ಈಗ ಜಗಳದ ವಿಷಯಕ್ಕೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ. ಅದರ ನಿರ್ದೇಶಕರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಭೂಚರಿತ್ರೆಯ ರೂಪರೇಖೆಯನ್ನು ಬರೆದರು. ಅವರ ಪ್ರಕಾರ ಶಿಸ್ಟ್ ಪಟ್ಟಿಗಳೇ ನಾಡಿನ ಅತಿ ಹಳೆಯ ಶಿಲೆ. ನೈಸ್ ಆಮೇಲೆ ಕರಗಿದ ಶಿಲಾಪಾಕವಾಗಿ ಅವುಗಳೊಳಕ್ಕೆ ನುಗ್ಗಿದ್ದು. ಅಷ್ಟೇ ಆಗಿದ್ದರೆ ಸರಿ. ಈ ಪಟ್ಟಿಗಳ ಬಹುಪಾಲು ಶಿಲೆ ಬೆಂಕಿಯಿಂದ ಹುಟ್ಟಿದ್ದೇ ಹೊರತು ನೀರಿನಿಂದ ಅಲ್ಲ ಎಂಬುದು ಅವರ ನಿಲುವಾಗಿತ್ತು. ಗುಂಡುಕಲ್ಲಿನ ಪದರಗಳು ಕೂಡ ಹೊಳೆಯ ಕೆಲಸವಲ್ಲ, ಭೂಮಿಯ ಒತ್ತಡಕ್ಕೆ ಬಂಡೆ ನಲುಗಿ ಹಾಗಾಗಿದೆ ಎಂದು ಅಂದಿನ ಅಧಿಕಾರಿಗಳು ವಾದಿಸಿದರು. ಇಂದು ಓದಿದರೆ ನಗು ಬರಬಹುದು. ಆದರೆ ಮೂರು ಬಾರಿ ಮಡಿಚಿ ಬೆಂದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರು ಸ್ಮೀತರನ್ನು ಅಷ್ಟು ಸುಲಭವಾಗಿ ನಗಲಾರರು. ಕಣಗಳ ಮೂಲ ಅಂಚು ಅಳಿಸಿಹೋಗಿ ಬೆಣಚೆಲ್ಲ ಹೊಸದಾಗಿ ಹರಳುಗಟ್ಟಿರುವಾಗ, ಇದು ಒಮ್ಮೆ ಮರಳಾಗಿತ್ತು ಎಂದು ಯಾರು ತಾನೆ ಎದೆ ತಟ್ಟಿ ಹೇಳಿಯಾರು?

ಮುಂದೆ ಅದೇ ಇಲಾಖೆಯ ಬಿ. ರಾಮರಾವ್ 1940ರಲ್ಲಿ ಮೈಸೂರಿನ ಆದಿಶಿಲೆಗಳ ಕುರಿತು ಪ್ರಕಟಿಸಿದ ಸಂಪುಟದ ಹೊತ್ತಿಗೆ ಗಾಳಿ ಬದಲಾಗಿತ್ತು. ನೀರು ಹರಡಿದ ಮರಳು ಮತ್ತು ಕೆಸರು ಈ ಪಟ್ಟಿಗಳಲ್ಲಿ ಇವೆಯೆಂದು ಒಪ್ಪಲಾಯಿತು. ಒಪ್ಪಿದ ಕೂಡಲೇ ಹೊಸ ತೊಡಕು! ಮರಳಿಗೆ ತವರು ಬೇಕಲ್ಲ? ಬೆಣಚಿನ ಮರಳು ಹೇರಳವಾಗಿ ಸಿಗಬೇಕಾದರೆ ಗ್ರಾನೈಟ್ ಜಾತಿಯ ನೆಲ ಸವೆಯಬೇಕು. ಶಿಸ್ಟ್ ಪಟ್ಟಿಗಳೇ ಮೊದಲು, ನೈಸ್ ಆಮೇಲೆ ಎನ್ನುವುದಾದರೆ ಆ ಗ್ರಾನೈಟ್ ನೆಲ ಎಲ್ಲಿತ್ತು? ಕಾಡು ಇಲ್ಲದೆ ಸೌದೆ ಬಂತು ಎಂದಂತಾಯಿತು. ನೈಸ್ ಮೊದಲೋ ಶಿಸ್ಟ್ ಮೊದಲೋ ಎಂಬ ಚರ್ಚೆ ಹೀಗೆ ದಶಕಗಳ ಕಾಲ ಎಳೆಯಿತು. ಎಂ. ಎನ್. ವಿಶ್ವನಾಥ, ಎಂ. ರಾಮಕೃಷ್ಣನ್ ಮೊದಲಾದವರು 1970ರ ದಶಕದಿಂದ ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿಗಳಂಥ ಹಳೆಯ ಪಟ್ಟಿಗಳನ್ನು ಬಾಬಾಬುಡನ್‌ಗಿರಿಯ ಕಡೆಯ ಕಿರಿಯ ಶಿಲೆಗಳಿಂದ ಬೇರ್ಪಡಿಸಿ, ಮೈಸೂರು ಜಿಲ್ಲೆಯ ಸರಗೂರಿನ ಹೆಸರಿನಲ್ಲಿ ‘ಸರಗೂರು ಸಮೂಹ’ ಎಂದು ಕರೆದದ್ದೂ ಈ ಚರ್ಚೆಯ ನಡುವೆಯೇ.

ಸಾಕ್ಷಿ ಹೇಳಲು ಬಂದದ್ದು ಜಿರ್ಕಾನ್. ಬೆಣಚು ಕರಗಿ ಮರುಹುಟ್ಟು ಪಡೆದರೂ ಈ ಹರಳು ಜಪ್ಪಯ್ಯ ಎಂದರೂ ಕರಗದು. ಸೂಕ್ಷ್ಮದರ್ಶಕದಲ್ಲಿ ಕ್ವಾರ್ಟ್ಝೈಟಿನ ಜಿರ್ಕಾನ್ ನೋಡಿದರೆ, ಗ್ರಾನೈಟಿನಲ್ಲಿ ಚೂಪಾಗಿರಬೇಕಾದ ಅದರ ತುದಿಗಳು ಹೊಳೆಯ ಮರಳಿನಂತೆ ಗುಂಡಗಾಗಿರುವುದು ಕಾಣುತ್ತದೆ. ಉರುಳಿ ಬಂದದ್ದಕ್ಕೆ ಅದೇ ಗುರುತು. ಅಷ್ಟೇ ಅಲ್ಲ. ಜಿರ್ಕಾನ್ ಹುಟ್ಟುವಾಗ ಸ್ವಲ್ಪ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಯುರೇನಿಯಂ-238 ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನೊಳಗೆ ಎರಡು ಗಡಿಯಾರ! ಎರಡೂ ಒಂದೇ ವೇಳೆ ತೋರಿಸಿದರೆ ಆ ವಯಸ್ಸನ್ನು ನಂಬಬಹುದು.

ಈ ಗಡಿಯಾರ ಓದಲು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ‘ಶ್ರಿಂಪ್’ ಎಂಬ ಯಂತ್ರ ಕಟ್ಟಿದರು. ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದಾಗ ಸೀಗಡಿ ಎಂಬ ಅರ್ಥ ಬಂದುಬಿಟ್ಟಿತು. ಯಂತ್ರವೇನೋ ಒಂದು ಕೋಣೆಯಷ್ಟು ದೊಡ್ಡದು. ಅದು ಒಂದೇ ಹರಳಿನ ಮೇಲೆ ಕೂದಲೆಳೆಗಿಂತ ಸಣ್ಣ ಚುಕ್ಕೆಯಷ್ಟು ಜಾಗವನ್ನು ಕೆರೆದು ವಯಸ್ಸು ಹೇಳುತ್ತದೆ. ಅಲನ್ ನಟ್‌ಮನ್, ಚಾಡ್ವಿಕ್, ರಾಮಕೃಷ್ಣನ್, ವಿಶ್ವನಾಥ ಅವರು ಪಶ್ಚಿಮ ಕರ್ನಾಟಕದ ಸರಗೂರು ಸಮೂಹದ ಪದರಗಳಿಂದ ಹೆಕ್ಕಿದ ಜಿರ್ಕಾನ್‌ಗಳನ್ನು ಹೀಗೆ ಅಳೆದು, 1992ರಲ್ಲಿ ಭಾರತೀಯ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಳುಗಳಲ್ಲಿ ಕೆಲವು 350 ಕೋಟಿ ವರ್ಷವನ್ನೂ ಮೀರಿದ್ದವು.

ಈಗ ಗೊರೂರಿನ ಬಂಡೆಯನ್ನು ನೆನೆಸಿಕೊಳ್ಳಿ. ಅದಕ್ಕೆ ಅಂದು ಸಿಕ್ಕ ವಯಸ್ಸು 336 ಕೋಟಿ. ಮರಳಿನ ಹರಳು ಅದಕ್ಕಿಂತ ಹಿರಿಯದು! ಅಂದರೆ ಗೊರೂರಿನ ಬಂಡೆ ಹುಟ್ಟುವ ಮೊದಲೇ ಇಲ್ಲೊಂದು ಗ್ರಾನೈಟ್ ಜಾತಿಯ ನೆಲವಿತ್ತು. ಅದರ ಬೆಟ್ಟಗಳು ಬಹುಮಟ್ಟಿಗೆ ಇಲ್ಲವಾದವು, ಅವುಗಳ ಮರಳು ಉಳಿಯಿತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಳೆನರಸೀಪುರ ಸುತ್ತಿನ ನೈಸ್‌ಗಳಲ್ಲೇ ಸುಮಾರು 341 ಕೋಟಿ ವರ್ಷದ ಶಿಲೆಯನ್ನೂ, ಸುಮಾರು 360 ಕೋಟಿ ವರ್ಷದ ಜಿರ್ಕಾನನ್ನೂ ಗುರುತಿಸಿದೆ. ಹೋದ ನೆಲದ ಚೂರುಪಾರು ಎಲ್ಲೋ ಒಂದೆರಡು ಕಡೆ ಸಿಕ್ಕಿಕೊಂಡಿದೆ ಎಂದಾಯಿತು. ಸ್ಮೀತರೂ ಪೂರ್ತಿ ತಪ್ಪಿರಲಿಲ್ಲ. ಇಂದು ನಾವು ನೋಡುವ ನೈಸ್‌ನ ಬಹುಭಾಗ ಶಿಸ್ಟ್‌ಗಳ ಆಮೇಲೆ ನುಗ್ಗಿ ಬಂದದ್ದೇ. ಅವರು ಕಾಣದೆ ಹೋದದ್ದು ಅದಕ್ಕೂ ಹಿಂದಿನ ಅಜ್ಜನನ್ನು.

ಆದರೆ ಆ ಹಸಿರು ಛಾಯೆ? ಬೆಣಚಿಗೂ ಜಿರ್ಕಾನಿಗೂ ಹಸಿರಿಲ್ಲ. ಹೊಳೆನರಸೀಪುರದ ಪಟ್ಟಿಯಲ್ಲಿ ಸಿಗುವ ಹಸಿರು ಕ್ವಾರ್ಟ್ಝೈಟಿನ ಬಣ್ಣ ಫುಕ್ಸೈಟ್ ಎಂಬ ಕ್ರೋಮಿಯಂ ಸೇರಿದ ಕಾಗೆಬಂಗಾರದ್ದು. ಗ್ರಾನೈಟಿನಲ್ಲಿ ಕ್ರೋಮಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಣ್ಣಿನ ಕೆಲಸ ಇಲ್ಲಿಗೆ ಮುಗಿದು ರಸಾಯನಶಾಸ್ತ್ರದ ಕೆಲಸ ಶುರುವಾಗುತ್ತದೆ. ಮನೆಯಲ್ಲಿ ಸಾರು ಬೆಂದಮೇಲೆ ಬೇಳೆ ಕಾಣದು, ಆದರೆ ಒಂದು ತೊಟ್ಟು ನಾಲಿಗೆಗೆ ಬಿಟ್ಟ ಅಜ್ಜಿ ತೊಗರಿಯೋ ಹೆಸರೋ ಹೇಳಿಬಿಡುತ್ತಾಳೆ. ಭೂರಸಾಯನ ಮಾಡುವುದೂ ಇದನ್ನೇ. ಸೋಡಿಯಂ, ಕ್ಯಾಲ್ಸಿಯಂಗಳು ನೀರಿನಲ್ಲಿ ಕೊಚ್ಚಿಹೋಗುವ ಅಸ್ಥಿರ ಜಾತಿ, ಅವನ್ನು ನಂಬುವಂತಿಲ್ಲ. ಥೋರಿಯಂ, ಜಿರ್ಕೋನಿಯಂ, ಲ್ಯಾಂಥನಮ್ ಗ್ರಾನೈಟಿನ ಕಡೆಯ ಸಾಕ್ಷಿಗಳು. ಕ್ರೋಮಿಯಂ, ನಿಕ್ಕಲ್, ಸ್ಕ್ಯಾಂಡಿಯಂ ಕಪ್ಪು-ಹಸಿರು ಅಗ್ನಿಶಿಲೆಗಳ ಕಡೆಯವು. ಇವುಗಳ ಪ್ರಮಾಣ ನೋಡಿ ಯಾವ ನೆಲ ಎಷ್ಟು ಕೊಟ್ಟಿತು ಎಂದು ಅಂದಾಜು ಮಾಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಎಸ್. ಎಂ. ನಖ್ವಿ ಮತ್ತು ಸಂಗಡಿಗರು 1970-80ರ ದಶಕಗಳಲ್ಲಿ ಹೊಳೆನರಸೀಪುರದ ಶಿಲೆಗಳ ಮೇಲೆ ಇಂಥ ಲೆಕ್ಕಗಳನ್ನು ಮಾಡಿದ್ದರು.

ಕ್ರೋಮಿಯಂ ಹೊತ್ತ ನೆಲ ಹೇಗಿರುತ್ತದೆಂದು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿಗೆ ಹೋಗಬೇಕು. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಮಲ್ಲಿತಮ್ಮ ಎಂಬ ಶಿಲ್ಪಿ ಅಲ್ಲಿ ಹೆಸರು ಕೆತ್ತಿದ್ದಾನೆ. ಇದೇ ಊರಿನ ಹೆಸರು ಹೊತ್ತ ಶಿಸ್ಟ್ ಪಟ್ಟಿ ಅಗಲ ಕಡಿಮೆಯ, ಉದ್ದನೆಯ ಗೆರೆಯಂತೆ ಹಬ್ಬಿದೆ. ಇದರ ಬೈರಾಪುರದಲ್ಲಿ ನೆಲದಡಿಯಿಂದ ಕ್ರೋಮೈಟ್ ಅದಿರು ತೆಗೆದರು. ಭೂಮಿಯ ಒಳಪದರದಿಂದ ಅತಿ ಬಿಸಿಯಾಗಿ ಉಕ್ಕಿದ ಶಿಲಾಪಾಕದಲ್ಲಿ ಹುಟ್ಟುವ ಖನಿಜ ಅದು. ಆ ಜಾತಿಯ ಶಿಲೆಯೇ ನೀರು ಕುಡಿದು ಮೆತ್ತಗಾದರೆ ಬಳಪದ ಕಲ್ಲು. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ತಲೆಮಾರಿನ ಎಲ್ಲರ ಬೆರಳಿಗೂ ಅದರ ಪುಡಿ ಹತ್ತಿದೆ. (ಹಳೆಯ ಗಣಿಗುಂಡಿಗಳ ಅಂಚಿಗೆ ಮಕ್ಕಳನ್ನು ಬಿಡಬಾರದು. ಕಲ್ಲಿನ ಮಾದರಿಗೆ ರಸ್ತೆ ಬದಿಯ ಚೂರು ಸಾಕು. ದಿಬ್ಬದ ಮೈಗೆ ಸುತ್ತಿಗೆ ಹಾಕುವುದು ಬೇಡ.)

ಬೈರಾಪುರದ ಕ್ರೋಮಿಯಮ್ಮೇ ಹೊಳೆನರಸೀಪುರಕ್ಕೆ ಹರಿದು ಬಂತೆಂದು ತಿಳಿಯಬಾರದು. ಬೈರಾಪುರ ಇಲ್ಲಿ ಉದಾಹರಣೆ ಮಾತ್ರ. ಇನ್ನೊಂದು ವಾದವೂ ಇದೆ. ಮರಳು ಕಲ್ಲಾದ ಮೇಲೆ ಬಿಸಿನೀರು ಪಕ್ಕದ ಕಪ್ಪು ಕಲ್ಲಿನಿಂದ ಕ್ರೋಮಿಯಂ ತಂದು ಇದರೊಳಗೆ ಸೇರಿಸಿರಬಹುದಲ್ಲ? ಕೆಲವು ಕಡೆ ಹಾಗೆ ಆಗಿರಲೂಬಹುದು. ಆದರೆ ಕರ್ನಾಟಕದ ಕೆಲವು ಹಸಿರು ಕ್ವಾರ್ಟ್ಝೈಟುಗಳಲ್ಲಿ ಕ್ರೋಮೈಟಿನ ಕಣಗಳೇ ಮರಳಿನ ಜೊತೆ ಬಿದ್ದು ಉಳಿದಿವೆ. ನೀರು ಕ್ರೋಮಿಯಮ್ಮನ್ನು ಕರಗಿಸಿ ತರಬಹುದು, ಉರುಳಿದ ಕಣವನ್ನು ಕಲ್ಲಿನೊಳಗೆ ತೂರಿಸಲಾರದು. ಹೀಗಾಗಿ ಆ ಹಳೆಯ ನೆಲ ಬರೀ ಗ್ರಾನೈಟಿನದಾಗಿರಲಿಲ್ಲ, ಪಕ್ಕದಲ್ಲೇ ಕಪ್ಪು-ಹಸಿರು ಶಿಲೆಯೂ ಬಿಸಿಲು-ಮಳೆಗೆ ತೆರೆದು ನಿಂತಿತ್ತು ಎನ್ನಲು ಬಲವಾದ ಆಧಾರವಿದೆ.

ಚನ್ನರಾಯಪಟ್ಟಣಕ್ಕೆ ಬಂದವರು ಶ್ರವಣಬೆಳಗೊಳಕ್ಕೆ ಹೋಗದೆ ಮರಳುವುದುಂಟೇ? ದೊಡ್ಡಬೆಟ್ಟದ ಮೆಟ್ಟಿಲು ಹತ್ತುವಾಗ ಬಂಡೆಯ ತಗ್ಗುಗಳಲ್ಲಿ ಒಂದು ಚಮಚದಷ್ಟು ಒರಟು ಮರಳು ನಿಂತಿರುತ್ತದೆ. ಚೂಪು ಮೂಲೆಯ ಬೆಣಚು, ಇನ್ನೂ ಸಾಯದ ಫೆಲ್ಡ್‌ಸ್ಪಾರ್. ಹುಟ್ಟಿದ ಜಾಗ ಬಿಟ್ಟು ಒಂದು ಮಾರೂ ಹೋಗದ ಮರಳು ಅದು. ಹತ್ತನೆಯ ಶತಮಾನದ ಕೊನೆಯಲ್ಲಿ ಕಡೆದ ಗೊಮ್ಮಟನ ಮುಖ ಸಾವಿರ ವರ್ಷದ ಮಳೆಗೂ ಹೊಳಪು ಬಿಟ್ಟಿಲ್ಲ. ಹಾಗಿರುವಾಗ ಒಂದು ಬೆಟ್ಟ ಪೂರ್ತಿ ಕರಗಿ ದಿಬ್ಬದಷ್ಟು ದಪ್ಪದ ಶುದ್ಧ ಬೆಣಚಿನ ಮರಳಾಗಬೇಕಾದರೆ ಎಷ್ಟು ಮಳೆ ಬಿದ್ದಿರಬೇಕು ಎಂಬ ಲೆಕ್ಕವನ್ನು ಮಕ್ಕಳು ಮೆಟ್ಟಿಲ ಮೇಲೆ ಕುಳಿತೇ ಹಾಕಬಹುದು.

ಹಿಂತಿರುಗುವಾಗ ಹೊಳೆನರಸೀಪುರದ ಸೇತುವೆಯ ಮೇಲೆ ಕೆಳಗೆ ಹೇಮಾವತಿ ಕಾಣುತ್ತದೆ. ಸಕಲೇಶಪುರದ ಕಡೆಯಿಂದ ಬರುವ ಒರಟು ಮರಳು ಈಗ ಇಲ್ಲಿಗೆ ಬರುವುದು ಕಡಿಮೆ, ಗೊರೂರಿನ ಜಲಾಶಯದಲ್ಲೇ ಕೂರುತ್ತದೆ. ಆದರೆ ಅಣೆಕಟ್ಟೆಯ ಕೆಳಗಿನ ದಿಬ್ಬಗಳ ಮೇಲೆ ಬೀಳುವ ಮಳೆ ಪ್ರತಿ ವರ್ಷ ಒಂದಿಷ್ಟು ಕಣಗಳನ್ನು ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ ಇಳಿಸುತ್ತಲೇ ಇದೆ. ಅವುಗಳ ನಡುವೆ ಆ ಹಳೆಯ ಜಿರ್ಕಾನ್‌ಗಳೂ ಇವೆ. ಹೇಮಾವತಿ ಕಾವೇರಿಯನ್ನು ಸೇರುವುದು ಕನ್ನಂಬಾಡಿಯ ಹಿನ್ನೀರಿನಲ್ಲಿ. ಅಲ್ಲಿ ನೀರು ನಿಂತೊಡನೆ ಅವು ತಳಕ್ಕಿಳಿದು, ಕಳೆದ ವರ್ಷದ ಕೆಸರಿನ ಮೇಲೆ ಮತ್ತೊಮ್ಮೆ ಪದರಾಗಿ ಕೂರುತ್ತವೆ.